ಓದುಗರ ಪ್ರಶ್ನೆ: ಸಿಗರೇಟು ಬಿಡಿಸಲು ಫೋನಿನಿಂದ ಆಗುತ್ತದೆಯೇ?

ಪ್ರಶ್ನೆ: ಸಿಗರೇಟು ಬಿಡಲು ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಹನ್ನೊಂದು ದಿನ ತಡೆದೆ. ಒಂದು ಮದುವೆ ಊಟ ಮುಗಿಸಿ ಒಂದೇ ಒಂದು ಸೇದಿದ್ದಕ್ಕೆ ಆ್ಯಪ್ ಲೆಕ್ಕವನ್ನು ಸೊನ್ನೆಗೆ ತಂದಿತು. ಎಲ್ಲ ಹೋಯಿತಲ್ಲ ಎಂದು ಅದೇ ಸಂಜೆ ಪ್ಯಾಕೆಟ್ಟೇ ತಂದೆ. ಒಳ್ಳೆಯ ಆ್ಯಪ್ ಯಾವುದು?
– ಕಂಕನಾಡಿ, ಮಂಗಳೂರು

ಉತ್ತರ: ಹನ್ನೊಂದು ದಿನ ಎಲ್ಲಿಗೂ ಹೋಗಿಲ್ಲ. ಸೊನ್ನೆ ತೋರಿಸಿದ್ದು ಆ್ಯಪ್ ಮಾಡಿದವರ ತಪ್ಪು. ಒಂದು ಸಿಗರೇಟಿಗಿಂತ "ಎಲ್ಲ ಹೋಯಿತು" ಎಂಬ ಆ ಯೋಚನೆಯೇ ಹೆಚ್ಚು ಜನರನ್ನು ಪ್ಯಾಕೆಟ್ಟಿಗೆ ಮರಳಿಸುತ್ತದೆ. ಜಾರಿದ ದಿನ ಎಲ್ಲಿದ್ದಿರಿ, ಯಾರು ಕೊಟ್ಟರು ಎಂದು ಕೇಳಿ, ಹಳೆಯ ದಿನಗಳನ್ನು ಹಾಗೇ ಉಳಿಸಿ, ಮರುದಿನದಿಂದ ಮುಂದುವರಿಸುವ ಆ್ಯಪ್ ನಿಮಗೆ ಬೇಕು.

ಹೆಸರು ನೋಡಿ ಆರಿಸಬೇಡಿ, ಪರೀಕ್ಷೆ ಮಾಡಿ. ಸೇದಬೇಕೆನ್ನುವ ತಹತಹ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಜೋರಾಗಿದ್ದು ಇಳಿಯುತ್ತದೆ. ಫೋನಿನ ಡೇಟಾ ಆಫ್ ಮಾಡಿ, ಆ್ಯಪ್ ತೆರೆದು, "ಈಗ ಸೇದಬೇಕೆನಿಸುತ್ತಿದೆ" ಎಂಬ ಗುಂಡಿಗೆ ಎಷ್ಟು ಸಲ ಒತ್ತಿದರೆ ತಲುಪುತ್ತೀರಿ ಎಂದು ಎಣಿಸಿ. ಎರಡಕ್ಕಿಂತ ಹೆಚ್ಚಾದರೆ, ಅಥವಾ ಪಾಸ್‌ವರ್ಡ್ ಕೇಳಿದರೆ, ಅದು ತೆರೆಯುವಷ್ಟರಲ್ಲಿ ಬೆಂಕಿಪೆಟ್ಟಿಗೆ ಕೈಗೆ ಬಂದಿರುತ್ತದೆ. ಎಷ್ಟು ದುಡ್ಡು ಉಳಿಯಿತೆಂಬ ಲೆಕ್ಕ ಇದ್ದರೆ ಇರಲಿ, ಆ ಐದು ನಿಮಿಷಕ್ಕೆ ಅದರಿಂದ ಏನೂ ಆಗದು.

ಬಿಡುವ ದಿನಕ್ಕೆ ಮುಂಚೆ ನಾಲ್ಕು ದಿನ, ಪ್ರತಿ ಸಿಗರೇಟಿಗೂ ಹೊತ್ತು, ಜಾಗ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಎಂಬ ಮೂರನ್ನು ಬರೆದಿಡಿ. ಸಂಜೆ ನಾಲ್ಕರ ಚಾ, ಊಟದ ನಂತರ, ಬಸ್ಸಿಗೆ ಕಾಯುವಾಗ – ಹೀಗೆ ಐದಾರು ಹೊತ್ತುಗಳು ಎದ್ದು ಕಾಣುತ್ತವೆ. ಅವುಗಳಿಗೆ ಹತ್ತು ನಿಮಿಷ ಮೊದಲು ಫೋನ್ ಎಚ್ಚರಿಸುವಂತೆ ಮಾಡಿ. ಬೆಳಿಗ್ಗೆ ಏಳಕ್ಕೆ ಬರುವ "ಧೂಮಪಾನ ಹಾನಿಕರ" ಎಂಬ ಸಂದೇಶ ಪ್ಯಾಕೆಟ್ಟಿನ ಮೇಲೆಯೇ ಇದೆಯಲ್ಲ! ಇನ್ನು, ಕಾಂಟ್ಯಾಕ್ಟ್, ಫೋಟೊ ನೋಡಲು ಅನುಮತಿ ಕೇಳುವ ಆ್ಯಪ್‌ಗೆ ಅದನ್ನು ಕೊಡಬೇಡಿ. ಈ ಕೆಲಸಕ್ಕೆ ಅದರ ಅಗತ್ಯ ಇಲ್ಲ.

ಪ್ರಶ್ನೆ: ಬೋಟಿನಲ್ಲಿ ಕಡಲಿಗೆ ಹೋದರೆ ಹತ್ತು ದಿನ ನೆಟ್‌ವರ್ಕ್ ಇಲ್ಲ. ಎದ್ದ ಕೂಡಲೇ ಬೀಡಿ ಬೇಕು. ಆ್ಯಪಿನಲ್ಲಿ ಬೀಡಿಗೆ ಜಾಗವೇ ಇಲ್ಲ. ಎಂತ ಮಾಡುವುದು?
– ಮಲ್ಪೆ

ಉತ್ತರ: ಒಂದು ಬೀಡಿಯನ್ನು ಒಂದು ಸಿಗರೇಟೆಂದೇ ಬರೆಯಿರಿ. ಸಣ್ಣದೆಂದು ಅರ್ಧ ಲೆಕ್ಕ ಹಿಡಿಯಬೇಡಿ, ಚಟ ಹಿಡಿಸುವ ನಿಕೋಟಿನ್‌ನಲ್ಲಿ ಬೀಡಿ ಕಡಿಮೆಯದ್ದಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೆಂದರೆ ಚಟ ಗಟ್ಟಿಯಾಗಿದೆ. ಫೋನ್ ಒಂದೇ ಸಾಲದು, ತಹತಹ ಇಳಿಸಲು ಜಗಿಯುವ ನಿಕೋಟಿನ್ ಗಮ್ ಜೊತೆಗಿರಲಿ. 2 ಮಿಲಿಗ್ರಾಂನದ್ದು ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಸಿಗುತ್ತದೆ. ನಿಮ್ಮಂಥವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಅದನ್ನು ವೈದ್ಯರು ಹೇಳಲಿ. ಹೃದಯದ ತೊಂದರೆ ಇದ್ದರೆ ಯಾವುದಕ್ಕೂ ಮೊದಲು ಅವರನ್ನೇ ಕೇಳಿ.

ಗಮ್ ತಿನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಮಿಠಾಯಿಯಂತೆ ಜಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತಹತಹವೂ ಇಳಿಯದು. ನಿಧಾನವಾಗಿ ಜಗಿಯಿರಿ. ಮೆಣಸಿನ ಖಾರದಂತೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ–ವಸಡಿನ ನಡುವೆ ಇಡಿ. ಚುರುಕು ಇಳಿದ ಮೇಲೆ ಮತ್ತೆ ಜಗಿದು ಇನ್ನೊಂದು ಬದಿಗೆ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಬಾಯಲ್ಲಿರುವಾಗಲೂ ಅದಕ್ಕೆ 15 ನಿಮಿಷ ಮೊದಲೂ ಕಾಫಿ, ಸೋಡಾ, ಹಣ್ಣಿನ ರಸ ಬೇಡ, ಹುಳಿ ಇದ್ದರೆ ನಿಕೋಟಿನ್ ಬಾಯಲ್ಲಿ ಹೀರುವುದಿಲ್ಲ. ದಿನಕ್ಕೆ ಹತ್ತರಂತೆ ಹತ್ತು ದಿನಕ್ಕೆ ನೂರು ಬೇಕು. ಐಸ್, ಡೀಸೆಲ್ ತುಂಬಿಸುವಾಗಲೇ ಅದೂ ಬೋಟಿಗೆ ಏರಲಿ.

ಬಿಡುವ ದಿನವನ್ನು ಜೂನ್ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ಬೋಟುಗಳಿಗೆ ಹೇಗೂ ರಜೆ. ನಿಕೋಟಿನ್ ಬಿಟ್ಟ ಸಂಕಟ ಎರಡು–ಮೂರನೇ ದಿನ ಅತಿ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದು ಇಳಿಯುತ್ತದೆ. ಅಷ್ಟೂ ದಿನ ನೆಟ್‌ವರ್ಕ್ ಇರುವ ದಡದಲ್ಲಿ ಕಳೆಯುತ್ತದೆ. ಖಾಲಿ ಕೂತರೆ ಗೂಡಂಗಡಿ ಕರೆಯುತ್ತದೆ ಎನ್ನುವುದೂ ನಿಜ, ಬಲೆ ರಿಪೇರಿಯ ಕೆಲಸ ಆ ದಿನಗಳಿಗೇ ಇಟ್ಟುಕೊಳ್ಳಿ. ಆಗಸ್ಟಿನಲ್ಲಿ ಹೊರಡುವ ಮೊದಲು ನಿಮ್ಮದೇ ದನಿಯಲ್ಲಿ, ಇಲ್ಲವೇ ಮಗಳ ದನಿಯಲ್ಲಿ, ಎರಡು ನಿಮಿಷದ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದಕ್ಕೆ ಟವರ್ ಬೇಡ.

ಪ್ರಶ್ನೆ: ನಮ್ಮವರಿಗೆ ಇಂಗ್ಲಿಷ್ ಬಾರದು. ಅವರಿಗೆ ಹೇಳದೆ ನಾನೇ ಆ್ಯಪ್ ಹಾಕಿಕೊಡಬಹುದೇ?
– ಉಡುಪಿ

ಉತ್ತರ: ಹೇಳದೆ ಬೇಡ. ಕಾವಲು ಕೂರಿಸಿದಂತಾಗುತ್ತದೆ, ಮೊದಲ ದಿನವೇ ಅಳಿಸಿಹಾಕುತ್ತಾರೆ. ಅವರು ಒಪ್ಪಿದರೆ 1800-11-2356ಕ್ಕೆ ಅವರೇ ಕರೆ ಮಾಡಲಿ. ಇದು ತಂಬಾಕು ಬಿಡಲು ನೆರವಾಗುವ, ಶುಲ್ಕವಿಲ್ಲದ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು, ಕನ್ನಡದಲ್ಲೇ ಮಾತನಾಡಬಹುದು. ಆ್ಯಪಿನ ಸಂದೇಶ ಬರುವುದು ನಾಲ್ಕು ಜನರೆದುರು ಕಾಣಬಾರದೆಂದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಪರದೆಯ ಮೇಲೆ ನೋಟಿಫಿಕೇಶನ್ ಒಳಗಿನ ಬರಹ ಮರೆಮಾಡಿ.

ಪ್ರಶ್ನೆ: ಬಿಟ್ಟು ಒಂದು ವಾರ. ರಾತ್ರಿ ನಿದ್ದೆಯಿಲ್ಲ, ಎದೆ ಡವಡವ. ಆ್ಯಪ್ ಧ್ಯಾನ ಮಾಡೆನ್ನುತ್ತದೆ.
– ಮಣಿಪಾಲ

ಉತ್ತರ: ಧ್ಯಾನ ಆಮೇಲೆ, ಮೊದಲು ಕಾಫಿ ಎಷ್ಟೆಂದು ಎಣಿಸಿ. ಹೊಗೆ ಯಕೃತ್ತಿನಲ್ಲಿ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತಿತ್ತು. ಸೇದುವುದು ನಿಂತಾಗ ಅದೇ ನಾಲ್ಕು ಲೋಟ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ. ಅರ್ಧಕ್ಕಿಳಿಸಿ, ಮಧ್ಯಾಹ್ನದ ಮೇಲೆ ಬೇಡ. ಡವಡವ ಆಮೇಲೂ ಇದ್ದರೆ ವೈದ್ಯರಿಗೆ ತೋರಿಸಿ. ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವವರಲ್ಲಿ ಆ ಮದ್ದೂ ಹೀಗೆಯೇ ಮೈಯಲ್ಲಿ ಏರುತ್ತದೆ. ಅಂಥವರು ಸೇದುವುದು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಇಳಿಸಬೇಕಾಗಬಹುದು.