300 ಮಿ.ಮೀ. ಸಾಲದಾದಾಗ: ಹಕ್ಕಿ, ಪ್ರಾಣಿಗಳ ಫೋಟೋಗೆ ಯಾವ ಲೆನ್ಸ್?

ನಿಮ್ಮ ಬಳಿ ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಡಿಎಸ್ಎಲ್ಆರ್ ಇದೆ, ಜೊತೆಗೆ 70-300 ಲೆನ್ಸ್ ಇದೆ, ಆದರೂ ಹಕ್ಕಿಗಳು ಚಿತ್ರದಲ್ಲಿ ಚುಕ್ಕೆಯಷ್ಟೇ ಕಾಣುತ್ತಿವೆ ಎಂದು ಬರೆದಿದ್ದೀರಿ. ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಬೇಕೇ, 150-600 ಜೂಮ್ ಕೊಳ್ಳಬೇಕೇ, ಅಥವಾ ಇರುವ ಲೆನ್ಸಿಗೇ 2 ಪಟ್ಟಿನ ಟೆಲಿಕನ್ವರ್ಟರ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರಿಸಿ ಬಿಂಬವನ್ನು ಹಿಗ್ಗಿಸುವ ಸಾಧನ) ಸಾಕೇ ಎಂಬುದು ನಿಮ್ಮ ಪ್ರಶ್ನೆ. ಕ್ಯಾಮೆರಾ ಸದ್ಯಕ್ಕೆ ಹಾಗೆಯೇ ಇರಲಿ, ಟೆಲಿಕನ್ವರ್ಟರ್ ಯೋಚನೆ ಬಿಡಿ, ಹಣವನ್ನು ಲೆನ್ಸಿಗೇ ಹಾಕಿ. ಆದರೆ ಯಾವ ಲೆನ್ಸ್ ಎಂದು ತೀರ್ಮಾನಿಸುವಾಗ 600 ಎಂಬ ಸಂಖ್ಯೆಗಿಂತ ಮೊದಲು ನಿಮ್ಮ ತೋಳಿನ ಶಕ್ತಿಯನ್ನೂ ನೀವು ಫೋಟೋ ತೆಗೆಯುವ ಹೊತ್ತಿನ ಬೆಳಕನ್ನೂ ನೋಡಬೇಕು.

ಒಂದು ಸರಳ ಲೆಕ್ಕದಿಂದ ಶುರು ಮಾಡುತ್ತೇನೆ. ಹಕ್ಕಿಯ ಉದ್ದವನ್ನು ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆಯಿಂದ, ಅಂದರೆ ಫೋಕಲ್ ಲೆಂತ್‌ನಿಂದ ಗುಣಿಸಿ, ಹಕ್ಕಿಗಿರುವ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. ಗುಬ್ಬಚ್ಚಿಯಂತಹ ಸುಮಾರು 15 ಸೆಂ.ಮೀ. ಉದ್ದದ ಹಕ್ಕಿ 10 ಮೀಟರ್ ದೂರದಲ್ಲಿ ಕುಳಿತಿದೆ ಎನ್ನಿ. 300 ಮಿ.ಮೀ.ನಲ್ಲಿ ಅದರ ಬಿಂಬ 4.5 ಮಿ.ಮೀ., 400ರಲ್ಲಿ 6, 600ರಲ್ಲಿ 9. ಕ್ರಾಪ್ ಸೆನ್ಸರಿನ ಅಗಲ ಸುಮಾರು 23 ಮಿ.ಮೀ. ಆದ್ದರಿಂದ 300ರಲ್ಲಿ ಹಕ್ಕಿ ಚೌಕಟ್ಟಿನ ಐದನೇ ಒಂದು ಭಾಗದಷ್ಟು ಅಗಲ ಕಂಡರೆ, 600ರಲ್ಲಿ ಐದನೇ ಎರಡು ಭಾಗ ಕಾಣುತ್ತದೆ. ಅದೇ 600 ಲೆನ್ಸನ್ನು 36 ಮಿ.ಮೀ. ಅಗಲದ ಫುಲ್ ಫ್ರೇಮಿಗೆ ಹಾಕಿದರೆ ಹಕ್ಕಿ ಕಾಲು ಭಾಗಕ್ಕೆ ಇಳಿಯುತ್ತದೆ. ಫುಲ್ ಫ್ರೇಮ್ ಮಂದ ಬೆಳಕಿನಲ್ಲಿ ಉತ್ತಮ, ನಿಜ. ಆದರೆ ‘ಹಕ್ಕಿ ಚಿಕ್ಕದಾಗಿ ಕಾಣುತ್ತದೆ’ ಎಂಬ ದೂರಿಗೆ ಅದು ಪರಿಹಾರವಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ದೂರ ಅರ್ಧವಾದರೆ ಬಿಂಬ ಎರಡು ಪಟ್ಟಾಗುತ್ತದೆ. 5 ಮೀಟರಿನಲ್ಲಿರುವ ಹಕ್ಕಿಗೆ ನಿಮ್ಮ 300 ಕೊಡುವ ಬಿಂಬವೂ 10 ಮೀಟರಿನಲ್ಲಿರುವ ಹಕ್ಕಿಗೆ 600 ಕೊಡುವ ಬಿಂಬವೂ ಒಂದೇ ಅಳತೆಯವು. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಕೊಂಬೆಯನ್ನು ಗುರುತಿಸಿ, ಮರೆಯಲ್ಲಿ ಅಲುಗಾಡದೆ ಕಾದರೆ ಈ ಲಾಭ ಯಾವ ಖರ್ಚೂ ಇಲ್ಲದೆ ಸಿಗುತ್ತದೆ. ಗೂಡಿನ ಬಳಿ ಮಾತ್ರ ಹೀಗೆ ಹತ್ತಿರ ಹೋಗಬೇಡಿ. ತಾಯಿಹಕ್ಕಿ ಗೂಡಿಗೆ ಮರಳಲು ಹಿಂಜರಿಯುತ್ತಿದ್ದರೆ ನೀವು ಆಗಲೇ ಮಿತಿ ಮೀರಿದ್ದೀರಿ ಎಂದು ತಿಳಿಯಿರಿ. ಅಲ್ಲಿಂದ ತಕ್ಷಣ ಹಿಂದೆ ಸರಿಯಬೇಕು, ಫೋಟೋ ಸಿಗದಿದ್ದರೂ ಸರಿ.

ದೊಡ್ಡ ಪ್ರಾಣಿಗಳ ಮಾತು ಬೇರೆಯೇ. 30 ಮೀಟರ್ ದೂರದಲ್ಲಿ ಅಡ್ಡಲಾಗಿ ನಿಂತ 6 ಮೀಟರ್ ಉದ್ದದ ಆನೆ 100 ಮಿ.ಮೀ.ನಲ್ಲೇ ಕ್ರಾಪ್ ಸೆನ್ಸರನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. 600ರಲ್ಲಿ ಸಿಗುವುದು ಕಣ್ಣು, ಕಿವಿಯ ಅಂಚು, ಚರ್ಮದ ಸುಕ್ಕು. ಅವೂ ಚಂದದ ಚಿತ್ರಗಳೇ, ಆದರೆ ಕಾಡಿನೊಳಗೆ ನಿಂತ ಆನೆಯ ಚಿತ್ರ ಆಗುವುದಿಲ್ಲ. ವಾಹನದಲ್ಲಿ ಕುಳಿತು ಪ್ರಾಣಿಗಳನ್ನು ತೆಗೆಯುವುದೇ ಹೆಚ್ಚು ಎನ್ನುವುದಾದರೆ 100-400 ಸಾಕು. ನಿಮ್ಮ 70-300 ಅನ್ನೂ ಮಾರಬೇಡಿ. ಪ್ರಾಣಿ ತೀರಾ ಹತ್ತಿರ ಬಂದಾಗ ಕೈಹಿಡಿಯುವುದು ಅದೇ.

ಈಗ ಬೆಳಕಿನ ವಿಷಯ. ಹಕ್ಕಿಗಳು ಚುರುಕಾಗಿರುವುದು ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ. ಬೆಳಕು ಕಡಿಮೆ ಇರುವುದೂ ಆಗಲೇ. ಕೊಂಬೆಯ ಮೇಲೆ ಸುಮ್ಮನೆ ಕುಳಿತ ಹಕ್ಕಿಗೆ ಸೆಕೆಂಡಿನ 1/250 ಅಥವಾ 1/500 ಶಟರ್ ವೇಗ ಸಾಕು. ಹಾರುವ ಹಕ್ಕಿಗೆ 1/2000, ಪುಟ್ಟ ಹಕ್ಕಿಯಾದರೆ ಅದಕ್ಕಿಂತಲೂ ಹೆಚ್ಚು ವೇಗ ಬೇಕು. ಲೆನ್ಸಿನಲ್ಲಿರುವ ಕಂಪನ ನಿವಾರಣೆ ನಿಮ್ಮ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ. ರೆಕ್ಕೆ ಬಡಿತವನ್ನು ನಿಲ್ಲಿಸಲು ಶಟರ್ ವೇಗವೇ ಬೇಕು, ಶಟರ್ ವೇಗಕ್ಕೆ ಬೆಳಕು ಬೇಕು. ಟೆಲಿಕನ್ವರ್ಟರ್ ಬೇಡ ಎಂದದ್ದು ಇದಕ್ಕೇ. 2 ಪಟ್ಟಿನದನ್ನು ಹಾಕಿದರೆ ಎರಡು ಸ್ಟಾಪ್ ಬೆಳಕು ಹೋಗುತ್ತದೆ, ಅಂದರೆ ಕಾಲು ಭಾಗ ಬೆಳಕು ಮಾತ್ರ ಉಳಿಯುತ್ತದೆ. ಎಫ್ 5.6 ಇದ್ದದ್ದು ಎಫ್ 11 ಆಗುತ್ತದೆ (ಎಫ್ ಸಂಖ್ಯೆ ಹೆಚ್ಚಾದಷ್ಟೂ ಲೆನ್ಸಿನ ಬೆಳಕಿನ ದ್ವಾರ, ಅಂದರೆ ಅಪರ್ಚರ್, ಕಿರಿದು). ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) 1600ರಲ್ಲಿ ಸಿಗುತ್ತಿದ್ದ ಶಟರ್ ವೇಗಕ್ಕೆ 6400 ಬೇಕಾಗುತ್ತದೆ. ಸಾಲದ್ದಕ್ಕೆ ಡಿಎಸ್ಎಲ್ಆರ್‌ಗಳ ಆಟೋಫೋಕಸ್ ಸಾಮಾನ್ಯವಾಗಿ ಎಫ್ 5.6 ಅಥವಾ ಎಫ್ 8ರ ಆಚೆಗೆ ಕೆಲಸ ಮಾಡುವುದಿಲ್ಲ. ಅನೇಕ 70-300 ಲೆನ್ಸುಗಳಿಗೆ ಕಂಪನಿಯ ಟೆಲಿಕನ್ವರ್ಟರ್ ಕೂರುವುದೂ ಇಲ್ಲ. ಎಫ್ 2.8 ಅಥವಾ ಎಫ್ 4 ಪ್ರೈಮ್ (ಜೂಮ್ ಇಲ್ಲದ) ಲೆನ್ಸಿಗೆ 1.4 ಪಟ್ಟಿನದು ಚೆನ್ನಾಗಿ ಹೊಂದುತ್ತದೆ, ಅದರ ಸ್ಥಾನ ಅಲ್ಲಿ.

ಹಾಗಾದರೆ 600 ಎಫ್ 4 ತೆಗೆದುಕೊಂಡರೆ ಎಲ್ಲವೂ ಸರಿಹೋಗುವುದಿಲ್ಲವೇ? ಬೆಲೆಯ ಮಾತು ಬಿಡಿ, ತೂಕ ನೋಡಿ. ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಮುಂದಿನ ಗಾಜು ಕನಿಷ್ಠ ಎಷ್ಟು ಅಗಲ ಇರಬೇಕೆಂಬುದು ತಿಳಿಯುತ್ತದೆ. 600 ಎಫ್ 4ಕ್ಕೆ 150 ಮಿ.ಮೀ., ಎಫ್ 6.3ಕ್ಕೆ ಸುಮಾರು 95 ಮಿ.ಮೀ. ಅಷ್ಟು ದೊಡ್ಡ ಗಾಜು ಇರುವುದರಿಂದಲೇ 600 ಎಫ್ 4 ಲೆನ್ಸುಗಳು ಇಂದಿಗೂ 3 ಕೆ.ಜಿ. ದಾಟುತ್ತವೆ. ಸಿಗ್ಮಾ 150-600 ಕಂಟೆಂಪೊರರಿ ಮತ್ತು ಟ್ಯಾಮ್ರಾನ್ 150-600 ಜಿ2 ಎರಡೂ 2 ಕೆ.ಜಿ. ಆಸುಪಾಸಿನಲ್ಲಿವೆ, ನಿಕಾನ್ 200-500 ಎಫ್ 5.6 ಸುಮಾರು 2.3 ಕೆ.ಜಿ. ಇದೆ. ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 100-400 ಲೆನ್ಸುಗಳು 1.1 ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು. ಅಂಗಡಿಯಲ್ಲಿ ಎರಡು ನಿಮಿಷ ಎತ್ತಿ ನೋಡಿದಾಗ 2 ಕೆ.ಜಿ. ಏನೂ ಅನ್ನಿಸುವುದಿಲ್ಲ. ಕುತ್ತಿಗೆ ಮೇಲೆತ್ತಿ, ಎಲೆಗಳ ಸಂದಿಯಲ್ಲಿ ಹಕ್ಕಿ ಈಚೆ ಬರಲೆಂದು ಕಾಯುವಾಗ ಐದನೇ ನಿಮಿಷಕ್ಕೆ ಎಡಗೈ ನಡುಗಲು ಶುರುವಾಗುತ್ತದೆ. ಹಕ್ಕಿ ಹೊರಬರುವುದು ನೀವು ಕೈ ಕೆಳಗಿಳಿಸಿದ ಆ ಗಳಿಗೆಯಲ್ಲೇ. ಇದನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಮನೆಯಲ್ಲೇ ಉಳಿದುಬಿಡುವ ಲೆನ್ಸುಗಳು ಹೆಚ್ಚಾಗಿ ಭಾರದ ಲೆನ್ಸುಗಳೇ.

ಹಾಗಾಗಿ ನನ್ನ ಸಲಹೆ: ಒಂದೇ ಕಡೆ ಕುಳಿತು ಕಾಯುವವರಾದರೆ, ಮಾನೋಪಾಡ್ (ಒಂಟಿ ಕಾಲಿನ ಆಸರೆ) ಇಲ್ಲವೇ ಟ್ರೈಪಾಡ್ ಬಳಸುವವರಾದರೆ 150-600 ತೆಗೆದುಕೊಳ್ಳಿ. ವಾಹನದ ಕಿಟಕಿಗೆ ಬೀನ್ ಬ್ಯಾಗ್ ಇಟ್ಟರೆ ಟ್ರೈಪಾಡಿಗಿಂತ ಸಲೀಸು. ಮೈಲುಗಟ್ಟಲೆ ನಡೆಯುವವರಾದರೆ 100-400 ತೆಗೆದುಕೊಳ್ಳಿ, ಉಳಿದ ದೂರವನ್ನು ತಾಳ್ಮೆಯಿಂದ ತುಂಬಿಸಿ. ಕ್ಯಾನನ್ ಇದ್ದರೆ ಹಳೆಯ 400 ಎಫ್ 5.6 ಪ್ರೈಮ್ ಅನ್ನೂ ಪರಿಗಣಿಸಿ. 1.25 ಕೆ.ಜಿ. ತೂಕ, ಹಾರುವ ಹಕ್ಕಿಯನ್ನು ಚುರುಕಾಗಿ ಹಿಡಿಯುತ್ತದೆ. ಆದರೆ ಅದರಲ್ಲಿ ಕಂಪನ ನಿವಾರಣೆ ಇಲ್ಲ, 3.5 ಮೀಟರಿಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದೂ ಇಲ್ಲ. ಚಿಟ್ಟೆ, ಹಲ್ಲಿಗಳ ಮೇಲೂ ಆಸಕ್ತಿ ಇದ್ದರೆ ಕನಿಷ್ಠ ಫೋಕಸ್ ದೂರವನ್ನು ನೋಡಲೇಬೇಕು. ಕ್ಯಾನನ್ 100-400ರ ಎರಡನೇ ಆವೃತ್ತಿ ಒಂದು ಮೀಟರಿಗಿಂತ ಕಡಿಮೆ ದೂರದಲ್ಲೂ ಫೋಕಸ್ ಮಾಡುತ್ತದೆ.

ಕೊಳ್ಳುವ ಮುನ್ನ ಹೊಂದಾಣಿಕೆ ನೋಡಿಕೊಳ್ಳಿ. ನಿಕಾನ್ ಡಿ3500, ಡಿ5600ರಂತಹ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಇಲ್ಲದ ಹಳೆಯ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ನಿಕಾನ್ 200-500ರ ಅಪರ್ಚರನ್ನು ಡಿ90ಯಂತಹ ಹಳೆಯ ಕ್ಯಾಮೆರಾ ನಿಯಂತ್ರಿಸಲಾರದು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆಂದೇ ಮಾಡಿದ ಲೆನ್ಸ್ ನಿಮ್ಮ ಡಿಎಸ್ಎಲ್ಆರ್‌ಗೆ ಕೂರುವುದಿಲ್ಲ. ಡಿಎಸ್ಎಲ್ಆರ್‌ನ ಹೊಸ ಲೆನ್ಸುಗಳಾದರೆ ಮುಂದೆ ಅದೇ ಕಂಪನಿಯ ಮಿರರ್‌ಲೆಸ್ ಕೊಂಡಾಗ ಅಡಾಪ್ಟರ್ ಮೂಲಕ ಹೆಚ್ಚಾಗಿ ನಡೆಯುತ್ತವೆ.

ಬಳಸಿದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ಗಾಜು ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಶಿಲೀಂಧ್ರ, ಕೊಳ್ಳಬೇಡಿ. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಿಲ್ಲ. ಗರಿಷ್ಠ ಜೂಮ್‌ನಲ್ಲಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಚೌಕಟ್ಟಿನ ನಾಲ್ಕೂ ಮೂಲೆ ಪರೀಕ್ಷಿಸಿ. ಒಂದು ಬದಿ ಮಾತ್ರ ಮಂಕಾಗಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿರಬಹುದು.

ಲೆನ್ಸ್ ಬಂದ ಮೇಲೆ ಚಿತ್ರ ಮಸುಕಾಗಿದೆ ಎಂದು ಮೊದಲ ದಿನವೇ ಬೈಯಬೇಡಿ. 600 ಮಿ.ಮೀ., ಎಫ್ 6.3ರಲ್ಲಿ 10 ಮೀಟರ್ ದೂರದ ಹಕ್ಕಿಯ ಸುಮಾರು 7 ಸೆಂ.ಮೀ. ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಫೋಕಸ್ ರೆಕ್ಕೆಯ ತುದಿಗೆ ಬಿದ್ದರೆ ಕಣ್ಣು ಹೋಯಿತು. ಒಂದೇ ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಡಿ. ಮಧ್ಯಾಹ್ನ ಬಿಸಿ ನೆಲದ ಮೇಲಿನ ಗಾಳಿ ಕುದಿಯುವಂತೆ ಅಲುಗುವಾಗ ದೂರದ ಪ್ರಾಣಿಯ ಚಿತ್ರ ಎಂತಹ ದುಬಾರಿ ಲೆನ್ಸಿನಲ್ಲೂ ಕಲಸಿಹೋಗುತ್ತದೆ. ಬೆಳಗಿನ ತಂಪಿನಲ್ಲಿ, 10 ಮೀಟರಿನೊಳಗೆ, ಆಸರೆ ಕೊಟ್ಟು ತೆಗೆದು ನೋಡಿ, ಆಮೇಲೆ ಲೆನ್ಸಿನ ಗುಣ ನಿರ್ಧರಿಸಿ.

ನಿಮ್ಮ ಕ್ಯಾಮೆರಾದ ಮಾದರಿ ಯಾವುದು, ನಡೆದು ಹೋಗುವುದು ಹೆಚ್ಚೋ ಕುಳಿತು ಕಾಯುವುದು ಹೆಚ್ಚೋ ಎಂಬುದನ್ನು ಇಲ್ಲಿ ಬರೆಯಿರಿ. ಯಾವ ಲೆನ್ಸಿನ ಯಾವ ಆವೃತ್ತಿ ಅದಕ್ಕೆ ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ.