ನೀರು ಬರುವ ಮೂಲೆಗೆ ಹೋಗಿ

ಉತ್ತರ ಬೆಂಗಳೂರಿನ ಕೆರೆಯೊಂದರ ಪಕ್ಕದ ಬಡಾವಣೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಎರಡು ವರ್ಷದಿಂದ ಪ್ರತಿ ಭಾನುವಾರ ಕೆರೆಯಂಗಳದ ಉದ್ಯಾನದಲ್ಲಿ ಮಕ್ಕಳಿಗೆ ಪರಿಸರ ಪಾಠ ನಡೆಸುತ್ತಿದ್ದೇವೆ. ಮೊದಮೊದಲು 60 ಮಕ್ಕಳು ಬರುತ್ತಿದ್ದರು, ಈಗ 10 ದಾಟುವುದಿಲ್ಲ. ತಜ್ಞರ ಭಾಷಣ, ಚಿತ್ರಸ್ಪರ್ಧೆ, ಪ್ರಮಾಣಪತ್ರ ಎಲ್ಲ ಆಯಿತು. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು ನಡುವೆಯೇ ಓಡಾಡುವುದರಿಂದ ಶಿಸ್ತೂ ಉಳಿಯುವುದಿಲ್ಲ. ಎಲ್ಲಿ ತಪ್ಪಿದೆವು? ಎರಡನೇ ವಾರ್ಷಿಕೋತ್ಸವದ ಬ್ಯಾನರಿಗೆ ಒಂದು ಘೋಷವಾಕ್ಯವನ್ನೂ ಸೂಚಿಸಿ."

ಮೇಡಂ, ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಎರಡು ವರ್ಷ ಭಾನುವಾರದ ನಿದ್ದೆ ಬಿಟ್ಟವರ ತಪ್ಪು ಹುಡುಕಲು ಮನಸ್ಸು ಬರುವುದಿಲ್ಲ. ಆದರೂ ಕೇಳಿದ್ದೀರಿ. ನೀವು ಕಳಿಸಿದ ಕಾರ್ಯಕ್ರಮಗಳ ಪಟ್ಟಿಯನ್ನು ಎರಡು ಸಲ ಓದಿದೆ. ಜೀವವೈವಿಧ್ಯ, ಜಾಗತಿಕ ತಾಪಮಾನ, ಪ್ಲಾಸ್ಟಿಕ್ ಮುಕ್ತ ನಾಳೆ, ಎಲ್ಲವೂ ಇವೆ. ನಿಮ್ಮ ಕೆರೆ ಮಾತ್ರ ಇಲ್ಲ. ಮಕ್ಕಳು ನೀರಿಗೆ ಬೆನ್ನು ಹಾಕಿ ಕೂತು ಭಾಷಣ ಕೇಳಿದ್ದಾರೆ. ಅದನ್ನು ಶಾಲೆಯಲ್ಲಿ ಫ್ಯಾನಿನ ಕೆಳಗೇ ಕೇಳಬಹುದಿತ್ತಲ್ಲ?

ನಾನೂ ಇದನ್ನೇ ಮಾಡಿದವನು. ಕೆಲವು ವರ್ಷಗಳ ಹಿಂದೆ ನಾವೊಂದಿಷ್ಟು ಜನ ಸೇರಿ 'ಕೆರೆ ಉಳಿಸಿ' ಅಂತ ಥರ್ಮಾಕೋಲಿನಲ್ಲಿ ದೊಡ್ಡಕ್ಷರ ಕೊರೆಸಿ, ಬಂದವರಿಗೆಲ್ಲ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಂಚಿದೆವು. ಮುಗಿದ ಮೇಲೆ ಬಾಟಲಿ ಆರಿಸುತ್ತಿದ್ದ ಪೌರಕಾರ್ಮಿಕ ಅಮ್ಮ, "ಇವತ್ತೇನ್ ಸಾರ್ ಹಬ್ಬ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಮೊದಲು ಕೂರುವ ಜಾಗ ಬದಲಿಸಿ. ಉಯ್ಯಾಲೆ, ಬೆಂಚು, ವಾಕಿಂಗ್ ಪಾತ್ ಇರುವ ಕಡೆಯಿಂದ ಎದ್ದು ನೀರು ಒಳಬರುವ ಮೂಲೆಗೆ ಮಕ್ಕಳನ್ನು ಕರೆದೊಯ್ಯಿರಿ. ವಾಸನೆ ಬರುತ್ತದೆ, ಬರಲಿ. ಅವರ ಮನೆಯ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿ ತಾನಾಗಿ ಹುಟ್ಟುತ್ತದೆ. ನಿಮಗೆ ಹತ್ತಿರದ ಜಕ್ಕೂರು ಕೆರೆಯನ್ನೂ ಒಮ್ಮೆ ತೋರಿಸಿ. ಸುಮಾರು 160 ಎಕರೆಯ ಕೆರೆ ಅದು. ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕವಿದೆ, ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರು ಸಂಸ್ಕರಿಸುವ ಸಾಮರ್ಥ್ಯದೊಂದಿಗೆ ಶುರುವಾದದ್ದು. ಸಂಸ್ಕರಿಸಿದ ನೀರು ನೇರ ಕೆರೆಗೆ ಬೀಳುವುದಿಲ್ಲ, ಜೊಂಡು ಬೆಳೆದ ಜೌಗು ದಾಟಿ ಬರುತ್ತದೆ. ಘಟಕದಲ್ಲಿ ಉಳಿದುಬಿಡುವ ಸಾರಜನಕ, ರಂಜಕಗಳನ್ನು ಜೊಂಡು ಒಂದಿಷ್ಟು ಹೀರಿಕೊಳ್ಳುತ್ತದೆ. ಯಂತ್ರ ಮಾಡಿ ಬಿಟ್ಟ ಕೆಲಸವನ್ನು ಹುಲ್ಲು ಮುಂದುವರಿಸುವುದನ್ನು ಮಗು ಕಣ್ಣಾರೆ ನೋಡಬೇಕು. ಹಾಗೆಯೇ ನಿಮ್ಮ ಕೆರೆಯ ಏರಿ, ತೂಬು, ಕೋಡಿ ಎಲ್ಲಿವೆ ಎಂದು ಹುಡುಕಿಸಿ. ತೂಬಿನ ಕೆಳಗೆ ಗದ್ದೆ ಇತ್ತು, ನೀರು ಬಿಡಲು ನೀರಗಂಟಿ ಇದ್ದ ಎಂದು ಹೇಳಬಲ್ಲ ಅಜ್ಜ ಹಳೇ ಊರಿನಲ್ಲಿ ಸಿಕ್ಕರೆ, ನಿಮ್ಮ ತಜ್ಞರಿಗೆ ಒಂದು ತಿಂಗಳು ರಜೆ ಕೊಡಿ.

ಎರಡನೆಯದು ಅಳೆಯುವುದು. ನನಗೆ ಇದರ ಮೇಲೆ ಹೆಚ್ಚು ನಂಬಿಕೆ. 20 ಸೆಂಟಿಮೀಟರ್ ಅಗಲದ ತಟ್ಟೆಯೊಂದಕ್ಕೆ ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಳಿಯಿರಿ. ಭಾರ ಕಟ್ಟಿ, ಗಂಟು ಹಾಕಿದ ಹಗ್ಗದಲ್ಲಿ ಇಳಿಸಿ. ತಟ್ಟೆ ಎಷ್ಟನೇ ಗಂಟಿಗೆ ಮರೆಯಾಯಿತೋ ಅಷ್ಟು ನೀರಿನ ತಿಳಿ. ಸೆಕ್ಕಿ ಎಂಬ ಇಟಲಿಯ ಪಾದ್ರಿ 1865ರಲ್ಲಿ ಸಮುದ್ರದಲ್ಲಿ ಮಾಡಿದ ಪ್ರಯೋಗದಿಂದ ಬಂದ ವಿಧಾನ ಇದು. ಇದರ ಜೊತೆಗೆ, ಬಣ್ಣ ಮಾಯವಾಗುವ ತನಕ ಹನಿ ಎಣಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಕಿಟ್ ಒಂದು ಇರಲಿ. ರಾಸಾಯನಿಕ ದೊಡ್ಡವರ ಕೈಯಲ್ಲಿ, ಹನಿ ಎಣಿಸುವುದು ಮಕ್ಕಳ ಬಾಯಲ್ಲಿ.

ಆಮ್ಲಜನಕದ ಈ ಅಳತೆಯನ್ನು ಒಂದೇ ದಿನ ಬೆಳಗಿನ 6ಕ್ಕೊಮ್ಮೆ, ಮಧ್ಯಾಹ್ನ 3ಕ್ಕೊಮ್ಮೆ ಮಾಡಿ. ಹಸಿರುಗಟ್ಟಿದ ಕೆರೆಯಾದರೆ ಎರಡು ಅಂಕಿಗಳ ಅಂತರ ನಿಮ್ಮನ್ನೇ ಬೆಚ್ಚಿಸಬಹುದು. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಹೂಳಿನ ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಉಸಿರಾಡಿ ಖಾಲಿ ಮಾಡುತ್ತವೆ. ಮೀನಿಗೆ ಲೀಟರಿಗೆ 4 ಮಿಲಿಗ್ರಾಮ್ ಆದರೂ ಇರಲಿ ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಮಧ್ಯಾಹ್ನ ಮಾತ್ರ ಅಳೆದವರಿಗೆ ಕೆರೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಗಟ್ಟಲೆ ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬೇಕು. ಮೀನು ಹೊತ್ತು ಹುಟ್ಟುವ ಮುಂಚೆ ಸಾಯುವುದೇಕೆ ಎಂಬುದನ್ನು ಹನಿ ಎಣಿಸಿದ ಹುಡುಗಿ ಮತ್ತೆ ಮರೆಯುವುದಿಲ್ಲ. ಮನೆಯವರು ಕಡಲೆಪುರಿ, ಬ್ರೆಡ್ಡು ಎಸೆಯಲು ಹೊರಟರೆ, ಅದೂ ಕೊಳೆತು ಆಮ್ಲಜನಕ ತಿನ್ನುತ್ತದೆ ಎಂದು ಅವಳೇ ಕೈ ಹಿಡಿಯುತ್ತಾಳೆ. ನೀವು ಫಲಕ ನೆಡಬೇಕಿಲ್ಲ.

ಪ್ರತಿ ವಾರ ಬೇಡ. ತಿಂಗಳಿಗೊಮ್ಮೆ, ಅದೇ ಕಲ್ಲಿನ ಮೇಲೆ, ಒಂದು ದಪ್ಪ ನೋಟ್‌ಬುಕ್ಕು. ಮಳೆ ಬಂದು ಕೋಡಿ ಬಿದ್ದಾಗ ಮಾತ್ರ ಲೆಕ್ಕವಿಲ್ಲದೆ ಓಡಿ. ಹಕ್ಕಿ ಎಣಿಕೆಗೆ ಜನವರಿ ಒಳ್ಳೆಯದು, ಏಷ್ಯಾದ ನೀರುಹಕ್ಕಿ ಗಣತಿಯೂ ಆಗಲೇ ನಡೆಯುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಗುಳುಮುಳುಕ ಎಂದು ಕನ್ನಡದ ಹೆಸರನ್ನೇ ಬರೆಸಿ. 'ಗುಳುಮುಳುಕ' ಎಂದು ಒಮ್ಮೆ ಕೂಗಿದ ಮಗು ಆ ಹಕ್ಕಿ ಮುಳುಗಿ ಎಲ್ಲಿ ಏಳುತ್ತದೆ ಎಂದು ಕಾಯುತ್ತದೆ.

ಇನ್ನು ನಿಮ್ಮ ಶಿಸ್ತಿನ ದೂರು. ಇಲ್ಲಿ ನಾನು ನಿಮ್ಮ ಕಡೆ ಇಲ್ಲ, ಕ್ಷಮಿಸಿ. ಬಲೆ ಬೀಸುವವರು ದಿನಾ ಕೆರೆ ಓದುವವರು. ಮೀನು ಮೇಲೆ ಬಂದು ಬಾಯಿ ಬಡಿಯತೊಡಗಿದರೆ ಅವರಿಗೆ ಕಿಟ್ ಬೇಡ. ಬಲೆಯಲ್ಲಿ ಬಿದ್ದ ಜಿಲೇಬಿ ಮೀನು ಆಫ್ರಿಕಾ ಮೂಲದ್ದು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು ಎಂಬ ಕಥೆಯನ್ನು ಅವರ ಬುಟ್ಟಿಯ ಮುಂದೆ ನಿಂತೇ ಹೇಳಬಹುದು. ಹುಲ್ಲು ಕೊಯ್ಯುವ ಹೆಂಗಸರ ಮಕ್ಕಳು ನಿಮ್ಮ 10ರಲ್ಲಿ ಎಷ್ಟು ಜನ? ಪತ್ರದಲ್ಲಿ ಒಬ್ಬರೂ ಕಾಣಲಿಲ್ಲ. ಯಾವ ಹುಲ್ಲನ್ನು ಹಸು ಮುಟ್ಟುವುದಿಲ್ಲ ಎಂದು ಬಲ್ಲ ಮಗುವನ್ನು ಹೊರಗೆ ನಿಲ್ಲಿಸಿ, ಒಳಗೆ ಸಸ್ಯಶಾಸ್ತ್ರ ಹೇಳುತ್ತಿದ್ದೇವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ ಬನ್ನಿ. ಅಲ್ಲಿ ಸರ್ಕಾರಿ ಶಾಲೆ ಪಕ್ಕದಲ್ಲೇ ಇದೆ. ನಿಮ್ಮ ಕೆರೆಗೆ ಹತ್ತಿರದ ಶಾಲೆ ಯಾವುದು, ಆ ಮಕ್ಕಳಿಗೆ ಯಾವ ಹೊತ್ತು ಬಿಡುವು ಎಂದು ಕೇಳಿ ಸಮಯ ಇಟ್ಟುಕೊಳ್ಳಿ.

ಪಾಲಿಕೆಯ ಅನುಮತಿ ಬರಹದಲ್ಲಿರಲಿ. ದಡದಲ್ಲಿ ನಾಲ್ಕೈದು ಮಕ್ಕಳಿಗೆ ಒಬ್ಬ ದೊಡ್ಡವರು, ಒಂದು ಉದ್ದದ ಹಗ್ಗ, ಕೈ ತೊಳೆಯಲು ಸೋಪು. ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಬ್ಯಾನರ್ ವಿಚಾರ. ಆ ದುಡ್ಡಿನಲ್ಲಿ ತಟ್ಟೆ, ಹಗ್ಗ, ಥರ್ಮಾಮೀಟರು ಬಂದು ಚಹಾಕ್ಕೂ ಉಳಿದೀತು. ನೋಟ್‌ಬುಕ್ಕಿನ ಮೊದಲ ಪುಟದ ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮಕ್ಕಳ ಮುಖ ಬೇಡ, ಅಂಕಿ ಸಾಕು.