ಗರುಡ-7 ಬಗ್ಗೆ, ಸ್ವಲ್ಪ ಖಾರವಾಗೇ

ನಮಸ್ಕಾರ,

ನಿಮ್ಮ ಕತೆ ಕೈಗೆ ಬಂದು ಎರಡು ತಿಂಗಳಾಯ್ತು, ಲೇಟಾಗಿದ್ದಕ್ಕೆ ಸಾರಿ. ಎರಡು ಸಲ ಓದಿದೀನಿ, ಎರಡನೇ ಸಲ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಕೊಂಡು. ಈಗಿರೋ ರೂಪದಲ್ಲಿ ಹಾಕೋಕಾಗಲ್ಲ. ಸುತ್ತಿ ಬಳಸಿ ಹೇಳಿದ್ರೆ ನಿಮಗೂ ಪ್ರಯೋಜನ ಇಲ್ಲ, ಅದಕ್ಕೆ ನೇರವಾಗೇ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ಟ್ಯಾಂಕು ರೋಬೋಟು ರಾಕೆಟ್ಟು ಅಂತ ಕತೆ ಕಳಿಸೋ ಉಳಿದವರೂ ಓದ್ಲಿ ಅಂತ ಇಲ್ಲೇ ಉತ್ತರ ಕೊಡ್ತಿದೀನಿ, ಹಂಗಾಗಿ ಮೊದ್ಲು ಕತೆ ಏನು ಅಂತ ಎರಡು ಸಾಲು.

2190ನೇ ಇಸವಿ, ಸಮುದ್ರ ಏರಿ ಕಛ್‌ನ ರಣ್ ವರ್ಷಪೂರ್ತಿ ಕೆಸರಾಗಿದೆ. ಅಲ್ಲಿ ಗರುಡ-7 ಅನ್ನೋ ತೇಲೋ ಟ್ಯಾಂಕು. 50 ಟನ್ ತೂಕ, ನೆಲದಿಂದ ಒಂದಡಿ ಮೇಲೆ, ಗಂಟೆಗೆ 200 ಕಿಲೋಮೀಟರ್, ಸದ್ದೇ ಇಲ್ಲ, ಓಡ್ತಾ ಓಡ್ತಾನೇ 125 ಮಿಲಿಮೀಟರ್ ಗನ್ನಿಂದ ಹೊಡೆಯತ್ತೆ, ಒಂದೇ ರಾತ್ರೀಲಿ ಶತ್ರುಗಳ ಹನ್ನೆರಡು ಟ್ಯಾಂಕ್ ಮಟಾಷ್. ಒಳಗೆ ಒಬ್ಬ ಕಮಾಂಡರ್, ಒಬ್ಬ ಗನ್ನರ್, ಒಬ್ಬಳು ಡ್ರೈವರ್ ಹುಡುಗಿ. ಹದಿನಾಲ್ಕು ಪುಟದಲ್ಲಿ ಮೊದಲ ಐದು ಪುಟ ಬರೀ ಟ್ಯಾಂಕಿನ ಜಾತಕ, ಬೈಕ್ ಶೋರೂಮಲ್ಲಿ ಕೈಗೆ ಕೊಡ್ತಾರಲ್ಲ ಆ ಪಾಂಪ್ಲೆಟ್ ಥರ.

ಮೊದಲನೇ ತಕರಾರು. ಎರಡನೇ ಪುಟದಲ್ಲಿ ಇದು ಗುರುತ್ವ ವಿರೋಧಿ ಕ್ಷೇತ್ರದಿಂದ ತೇಲತ್ತೆ ಅಂತೀರಿ, ಹನ್ನೊಂದನೇ ಪುಟದಲ್ಲಿ ಅದರ ರಬ್ಬರ್ ಸ್ಕರ್ಟ್, ಅಂದ್ರೆ ಗಾಳಿ ಸೋರದ ಹಾಗೆ ತಳದ ಸುತ್ತ ಇಳಿಬಿಟ್ಟಿರೋ ಪರದೆ, ಹರಿದುಹೋಗತ್ತೆ. ಯಾವುದಾದ್ರೂ ಒಂದು ಇಟ್ಕೊಳ್ಳಿ! ಗುರುತ್ವಾಕರ್ಷಣೆನೇ ಗೆದ್ದ ಮೇಲೆ ಒಂದಡಿಯಲ್ಲಿ ಯಾಕ್ರೀ ನಿಲ್ಬೇಕು, ಹತ್ತು ಸಾವಿರ ಅಡಿ ಮೇಲೆ ಹೋಗಿ ಅಲ್ಲಿಂದ ಹೊಡೀಬಹುದಲ್ಲ, ಆಗ ಅದು ಟ್ಯಾಂಕಲ್ಲ ವಿಮಾನ, ನಿಮ್ಮ ಕೆಸರು, ಉಪ್ಪು, ಆ ಹುಡುಗಿ ಯಾವುದೂ ಕತೆಗೆ ಬೇಕಾಗಲ್ಲ. ನನ್ನ ಓಟು ಸ್ಕರ್ಟಿಗೆ, ಅಂದ್ರೆ ಗಾಳಿ ಮೆತ್ತೆ ಮೇಲೆ ತೇಲೋ ಹೋವರ್‌ಕ್ರಾಫ್ಟಿಗೆ. ಅದರ ಕಷ್ಟಗಳು ನಿಜವಾದ ಕಷ್ಟಗಳು, ಅದಕ್ಕೇ.

ಸ್ವಲ್ಪ ಲೆಕ್ಕ ಮಾಡೋಣ, ಹೈಸ್ಕೂಲ್ ಫಿಸಿಕ್ಸ್ ಸಾಕು. ನಿಮ್ಮ ಟ್ಯಾಂಕು 7 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ ಅಂತ ಬರ್ದಿದೀರಿ. 50 ಟನ್ನನ್ನ ಅಷ್ಟು ಜಾಗಕ್ಕೆ ಹಂಚಿದ್ರೆ ಚದರ ಮೀಟರಿಗೆ 2 ಟನ್, ಅಷ್ಟು ಒತ್ತಡ ಕೆಳಗಿನ ಗಾಳೀಲಿ ಇರ್ಬೇಕು. ಆ ಒತ್ತಡದ ಗಾಳಿ ಸಂದಿ ಸಿಕ್ಕಿದ ಕಡೆ ಸೆಕೆಂಡಿಗೆ ಸುಮಾರು 180 ಮೀಟರ್, ಅಂದ್ರೆ ಗಂಟೆಗೆ 650 ಕಿಲೋಮೀಟರ್ ವೇಗದಲ್ಲಿ ಹೊರಗೆ ನುಗ್ಗತ್ತೆ. ಸುತ್ತಳತೆ 21 ಮೀಟರ್, ಸಂದಿ ಒಂದಡಿ, ಒಟ್ಟು ಆರು ಚದರ ಮೀಟರಿನ ಬಾಯಿ, ಅದರಿಂದ ಗಾಳಿ ಸೋರ್ತಾನೇ ಇರತ್ತೆ ನೀವು ತುಂಬ್ತಾನೇ ಇರ್ಬೇಕು. ನಾನು ಹಾಕಿದ ಅಂದಾಜಲ್ಲಿ ಬರೀ ತೇಲೋದಕ್ಕೇ 18,000 ಹಾರ್ಸ್‌ಪವರ್ ಬೇಕಾಯ್ತು. ನಮ್ಮ ಅರ್ಜುನ್ ಟ್ಯಾಂಕಿನ ಇಂಜಿನ್ 1,400. ಅದೇ ಸ್ಕರ್ಟ್ ಕೆಳಗಿನ ಸಂದಿ ಒಂದಡಿ ಬದಲು ಎರಡು ಸೆಂಟಿಮೀಟರ್ ಮಾಡಿ ನೋಡಿ, ಸುಮಾರು 1,200ಕ್ಕೆ ಇಳಿಯತ್ತೆ! ಅಂದ್ರೆ ಎಲ್ಲಾ ಆಟ ಆ ರಬ್ಬರಿಂದು. ಅದು ಹರಿದ್ರೆ ಟ್ಯಾಂಕು ಕಬ್ಬಿಣದ ಗುಡ್ಡೆ ಥರ ಕೂತ್ಬಿಡತ್ತೆ.

2190ರಲ್ಲಿ ಇಂಜಿನ್ ಅಷ್ಟು ದೊಡ್ಡದು ಇರಬಹುದು ಸಾರ್ ಅಂತೀರಿ, ಇರ್ಲಿ, ಇಂಜಿನ್ ಕಲ್ಪಿಸ್ಕೊಳ್ಳೋದು ನಿಮ್ಮ ಹಕ್ಕು. ಆದ್ರೆ ಆ 650 ಕಿಲೋಮೀಟರ್ ಗಾಳಿ ಎಲ್ಲಿಗೆ ಹೋಗತ್ತೆ? ಉಪ್ಪು ಕೆಸರು ಎಲ್ಲಾ ಎಬ್ಬಿಸ್ಕೊಂಡು ಸುತ್ತ ಹೊಗೆ ಥರ ಏಳತ್ತೆ, ಅದರ ಮಧ್ಯೆ ಡ್ರೈವರಿಗೆ ಏನೂ ಕಾಣಲ್ಲ, ದೂರದಲ್ಲಿರೋ ಶತ್ರುವಿಗೆ ಮಾತ್ರ ಚೆನ್ನಾಗಿ ಕಾಣತ್ತೆ. "ಗರುಡ-7 ನಿಶ್ಶಬ್ದವಾಗಿ ಕತ್ತಲೆಯಲ್ಲಿ ತೇಲಿ ಬಂದಿತು" ಅನ್ನೋ ಸಾಲು ದಯವಿಟ್ಟು ತೆಗೀರಿ. ಅಮೆರಿಕದವರು 1966ರಿಂದ 1970ರವರೆಗೆ ವಿಯೆಟ್ನಾಮಿನ ಜೌಗಲ್ಲಿ ಹೋವರ್‌ಕ್ರಾಫ್ಟ್ ಓಡಿಸಿದ್ರು, ಅದರ ಗಲಾಟೆ ದೂರಕ್ಕೇ ಕೇಳಿಸ್ತಿತ್ತು, ಸೈನ್ಯದ ಹತ್ರ ಇದ್ದ ಮೂರರಲ್ಲಿ ಎರಡು ನಾಶವಾದ್ವು. ಟ್ಯಾಂಕನ್ನ ಹೊತ್ಕೊಂಡು ಹೋಗೋ ಹೋವರ್‌ಕ್ರಾಫ್ಟ್ ಕೂಡ ನಿಜಕ್ಕೂ ಇದೆ, ಅಮೆರಿಕದ ನೌಕಾಪಡೆಯ ಎಲ್‌ಸಿಎಸಿ, ಒಂದೇ ಒಂದು ಅಬ್ರಾಮ್ಸ್ ಹೊರೋಕೆ ಅದಕ್ಕೆ 26 ಮೀಟರ್ ಉದ್ದ, 14 ಮೀಟರ್ ಅಗಲ, ನಾಲ್ಕು ಗ್ಯಾಸ್ ಟರ್ಬೈನ್ ಬೇಕು. ಅಷ್ಟು ದೊಡ್ಡ ಮೈ ಇರೋದ್ರಿಂದಲೇ ಅದು ಕಡಿಮೆ ಒತ್ತಡದಲ್ಲಿ ತೇಲತ್ತೆ. ನೀವು ಗರುಡನ್ನ ಅಗಲ ಮಾಡಿ, ಚಪ್ಪಟೆ ಮಾಡಿ, ತೂಕ 50ರಿಂದ 20ಕ್ಕೆ ಇಳಿಸಿ. ಕವಚ ತೆಳ್ಳಗಾಗತ್ತೆ, ಆಗ್ಲಿ, ಒಳಗಿರೋರಿಗೆ ಭಯ ಅಂತ ಒಂದು ಇರ್ಲಿ.

ಅಂದಹಾಗೆ ಹೋವರ್‌ಕ್ರಾಫ್ಟ್ ಕಂಡುಹಿಡಿದ ಕ್ರಿಸ್ಟೋಫರ್ ಕಾಕರೆಲ್ 1955ರಲ್ಲಿ ಪ್ರಯೋಗ ಮಾಡಿದ್ದು ಬೆಕ್ಕಿನ ಆಹಾರದ ಡಬ್ಬೀನ ಕಾಫಿ ಡಬ್ಬಿ ಒಳಗಿಟ್ಟು, ಮಧ್ಯದ ಸಂದೀಲಿ ಗಾಳಿ ಊದಿ, ಅಡುಗೆಮನೆ ತಕ್ಕಡೀಲಿ ಅಳೆದು. 1959ರ ಜುಲೈ 25ಕ್ಕೆ ಅವನ ಹೋವರ್‌ಕ್ರಾಫ್ಟು ಇಂಗ್ಲಿಷ್ ಕಾಲುವೆ ದಾಟ್ತು. ನಿಮ್ಮ ಕತೆಯ ವಿಜ್ಞಾನಿ ಐದು ಪುಟ ಭಾಷಣ ಬಿಗೀತಾನೆ, ಅವನ ಕೈಗೂ ಎರಡು ಡಬ್ಬಿ ಕೊಡಿ, ಒಂದು ಪ್ಯಾರಾದಲ್ಲಿ ಮುಗಿಯತ್ತೆ.

ಈಗ ಗನ್ನಿಗೆ ಬರೋಣ, ನನಗೆ ಮಜಾ ಬಂದಿದ್ದು ಇಲ್ಲಿ. ಕೇರಂ ಬೋರ್ಡಿಗೆ ಪೌಡರ್ ಜಾಸ್ತಿ ಹಾಕಿದ್ರೆ ಏನಾಗತ್ತೆ ನೋಡಿದೀರಲ್ಲ, ಸ್ಟ್ರೈಕರ್ ನಿಲ್ಲೋದೇ ಇಲ್ಲ, ನಮ್ಮನೇಲಿ ನನ್ನ ತಮ್ಮ ಬೇಕಂತಲೇ ಹಂಗ್ ಮಾಡಿ ನನ್ನ ಕೆಂಪು ಕಾಯಿ ಹಾಳು ಮಾಡ್ತಿದ್ದ. ತೇಲೋ ಟ್ಯಾಂಕ್ ಅಂದ್ರೆ ಆ ಸ್ಟ್ರೈಕರ್ರೇ. ನೆಲದ ಹಿಡಿತ ಇಲ್ಲ. ದೊಡ್ಡ ಗನ್ ಒಂದು ಸಲ ಹೊಡೆದ್ರೆ 50 ಟನ್ನಿನ ಟ್ಯಾಂಕಿಗೆ ಸೆಕೆಂಡಿಗೆ ಅರ್ಧ ಮೀಟರ್ ಹಿಂದಕ್ಕೆ ತಳ್ಳು ಸಿಗತ್ತೆ, ಮಾಮೂಲಿ ಟ್ಯಾಂಕಲ್ಲಿ ಚೈನು ಅದನ್ನ ನೆಲಕ್ಕೆ ಕೊಟ್ಟು ಸುಮ್ಮನಾಗತ್ತೆ, ನಿಮ್ಮದರಲ್ಲಿ ಅದು ಹಂಗೇ ಉಳಿಯತ್ತೆ, ಡ್ರೈವರ್ ಏನೂ ಮಾಡ್ಲಿಲ್ಲ ಅಂದ್ರೆ ಹತ್ತನೇ ಗುಂಡಿಗೆ ಸೈಕಲ್ ಸ್ಪೀಡಲ್ಲಿ ಹಿಂದಕ್ಕೆ ಓಡ್ತಿರ್ತೀರಿ. ಪಕ್ಕಕ್ಕೆ ತಿರುಗಿಸಿ ಹೊಡೆದ್ರೆ ಪಕ್ಕಕ್ಕೆ ಜಾರ್ತೀರಿ. ಇಳಿಜಾರಲ್ಲಂತೂ ಕೇಳೋದೇ ಬೇಡ. "ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಟ್ಯಾಂಕು ತಿರುಗಿತು" ಅಂತ ಬರ್ದಿದೀರಲ್ಲ, 200 ಕಿಲೋಮೀಟರ್ ವೇಗದಲ್ಲಿ ಅದು ತಿರುಗತ್ತೆ, ಮೂತಿ ಮಾತ್ರ, ಮೈ ಹಳೇ ದಿಕ್ಕಿಗೇ ಹೋಗ್ತಿರತ್ತೆ.

ಅದಕ್ಕೆ ನನ್ನದೊಂದು ಸಲಹೆ, ಬೇಕಾದ್ರೆ ತಗೊಳ್ಳಿ. ಗುರಿ ಇಟ್ಟು ಹೊಡೀಬೇಕು ಅಂದ್ರೆ ಗರುಡ ಗಾಳಿ ಬಿಟ್ಟು ನೆಲಕ್ಕೆ ಕೂರ್ಲೇಬೇಕು ಅಂತ ಮಾಡಿ. ಕೂತು ಹೊಡೆದು ಮತ್ತೆ ಗಾಳಿ ತುಂಬಿ ಏಳೋಕೆ ಹತ್ತು ಹದಿನೈದು ಸೆಕೆಂಡ್. ಕೆಸರಲ್ಲಿ ಕೂತ್ರೆ ಹೊಟ್ಟೆ ಅಂಟ್ಕೊಳ್ಳತ್ತೆ, ಏಳತ್ತೋ ಇಲ್ವೋ ಗ್ಯಾರಂಟಿ ಇಲ್ಲ. ಗನ್ನರ್ "ಕೂರ್ಸು" ಅಂತಾನೆ, ಹುಡುಗಿ "ಇಲ್ಲಿ ಬೇಡ" ಅಂತಾಳೆ. ನೋಡಿ, ಕತೆ ಶುರುವಾಗೋಯ್ತು! ಬೇಕಾದ್ರೆ ಮೇಲಿನ ತಿರುಗೋ ಗೋಪುರನೂ ತೆಗೆದು ತೂಕ ಉಳಿಸಿ. ಸ್ವೀಡನ್ನವರು 1960ರ ದಶಕದಲ್ಲಿ ಗೋಪುರವೇ ಇಲ್ಲದ ಎಸ್-ಟ್ಯಾಂಕ್ ಮಾಡಿ ಇಡೀ ಮೈಯನ್ನೇ ತಿರುಗಿಸಿ ಗುರಿ ಇಡ್ತಿದ್ರು. ಆಗ ಡ್ರೈವರ್ ಕೈಲೇ ಗನ್ನು, ಅಂದ್ರೆ ಆ ಹುಡುಗಿ ಕೈಲಿ. ಈಗ ಅವಳು "ಎಸ್ ಸಾರ್" ಬಿಟ್ಟು ಒಂದು ಮಾತೂ ಆಡಲ್ಲ ಕತೇಲಿ, ನೋಡ್ಕೊಂಡಿದೀರಾ?

ಬೈದಿದ್ದು ಸಾಕು. ಜಾಗ ಆರಿಸ್ಕೊಂಡಿದ್ದು ನೂರಕ್ಕೆ ನೂರು ಸರಿ, ಯಾಕೆ ಸರಿ ಅನ್ನೋದು ಮಾತ್ರ ನಿಮಗೇ ಗೊತ್ತಾಗಿಲ್ಲ ಅನ್ಸತ್ತೆ. 1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ನೀರು ಬಿಟ್ಟ ಗದ್ದೇಲಿ ಹೂತ್ಕೊಂಡ್ವು, 1971ರಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಮರಳಲ್ಲಿ ಸಿಕ್ಕಾಕ್ಕೊಂಡ್ವು, ಅಲ್ಲಂತೂ ಮುಳ್ಳುತಂತಿ ನೋಡಿ ಮೈನ್ ಹಾಕಿದಾರೆ ಅಂತ ನಿಂತೂ ಬಿಟ್ರು. ಮಾಮೂಲಿ ಟ್ಯಾಂಕಿನ ಚೈನು ಚದರ ಸೆಂಟಿಮೀಟರಿಗೆ ಹತ್ರ ಹತ್ರ 1 ಕೆಜಿ ಒತ್ತತ್ತೆ, ನಿಮ್ಮದು ಈಗಿರೋ ತೂಕದಲ್ಲೂ 200 ಗ್ರಾಂ. ಟ್ಯಾಂಕ್ ಸಿಡಿಸೋ ಮಾಮೂಲಿ ಒತ್ತು ಮೈನುಗಳಿಗೆ 100 ಕೆಜಿಗಿಂತ ಜಾಸ್ತಿ ಭಾರ ಬೀಳ್ಬೇಕು, ಗರುಡ ಅದರ ಮೇಲೇ ಹೋದ್ರೂ ಅಷ್ಟು ಬೀಳಲ್ಲ. ಮೈನ್ ಮೇಲೆ ತೇಲ್ಕೊಂಡು ಹೋಗ್ಬಹುದು, ಆದ್ರೆ ಅಲ್ಲಿ ಕೂರೋ ಹಾಗಿಲ್ಲ! ಇಂಥ ಚಿನ್ನದಂಥ ಸನ್ನಿವೇಶ ಕೈಯಲ್ಲಿ ಇಟ್ಕೊಂಡು ನೀವು ಹನ್ನೆರಡು ಟ್ಯಾಂಕ್ ಸುಡೋದ್ರಲ್ಲಿ ಮೂರು ಪುಟ ಕಳೆದಿದೀರಿ.

ಹನ್ನೊಂದನೇ ಪುಟ ಮಾತ್ರ ಮುಟ್ಟಬೇಡಿ. ಹುಡುಗಿ ಟಾರ್ಚ್ ಬಾಯಲ್ಲಿ ಕಚ್ಕೊಂಡು ಕೆಸರಲ್ಲಿ ಮೊಣಕಾಲೂರಿ ಸ್ಕರ್ಟ್ ಅಂಚನ್ನ ಕೈಯಿಂದ ಸವರ್ತಾ ಹೋಗ್ತಾಳೆ, ಒಣಗಿದ ಉಪ್ಪಿನ ಹಕ್ಕಳೆ ರಬ್ಬರನ್ನ ಬ್ಲೇಡಿನ ಹಾಗೆ ಸೀಳಿದೆ, ಊರಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಅಪ್ಪನ ಥರ ಉಗುಳು ಹಚ್ಚಿ ಗುಳ್ಳೆ ಬರತ್ತಾ ನೋಡ್ತಾಳೆ. ನಾನು ಅಲ್ಲಿ ಓದೋದು ನಿಲ್ಲಿಸಿ ಟೀ ಮಾಡ್ಕೊಂಡು ಬಂದು ಮತ್ತೆ ಮೊದಲಿಂದ ಆ ಪುಟ ಓದ್ದೆ. ಕತೆ ಇಲ್ಲಿಂದ್ಲೇ ಶುರು ಮಾಡಿ. ಜಾತಕದ ಐದು ಪುಟದಲ್ಲಿ ಬೇಕಾಗಿರೋದು ನಾಲ್ಕು ಸಾಲು, ಅದನ್ನ ಅವಳ ಕೈಗೆ ಸಿಗೋ ಹಾಗೆ ಅಲ್ಲಲ್ಲಿ ಇಡಿ.

ಹೆಸರು ಬದಲಾಯಿಸಿ, ಈ ವರ್ಷ ಬಂದಿದ್ರಲ್ಲಿ ಇದು ನಾಲ್ಕನೇ ಗರುಡ. ಮೂರು ಸಾವಿರ ಪದದೊಳಗೆ ಮುಗ್ಸಿ ದೀಪಾವಳಿ ಒಳಗೆ ಕಳಿಸಿ, ಮೊದಲು ನಾನೇ ಓದ್ತೀನಿ. ಕ್ಯಾಲ್ಕುಲೇಟರ್ ಟೇಬಲ್ ಮೇಲೇ ಇರತ್ತೆ.